ಒಳಗಿನಿಂದ ಹಾಕುವ ಚಿಲಕ

ಈ ಬರಹದಲ್ಲಿ ಬರುವ ಹೆಣ್ಣುಮಗಳನ್ನು ಕಮಲ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು, ವಯಸ್ಸು, ಗಂಡನ ಕಸುಬು, ಘಟನೆಗಳು ನಡೆದ ತಿಂಗಳು, ಇವುಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಒಂದೆರಡು ವಿವರಗಳನ್ನು ಬೇರೆ ಪ್ರಕರಣಗಳಿಂದ ತಂದು ಸೇರಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಎರಡು ಕಡೆ "ಇದು ಬೇಡ" ಎಂದಳು, ತೆಗೆದೆ. ಒಂದು ಕಡೆ "ಇಷ್ಟು ಮೆತ್ತಗೆ ಬರೆಯಬೇಡಿ" ಎಂದಳು. ಆ ಭಾಗವನ್ನು ಮತ್ತೆ ಬರೆದೆ.

ನಾನು, ಕಷ್ಟದಲ್ಲಿರುವ ಹೆಂಗಸರ ನೆರವಿಗೆಂದು ಇರುವ, ತಾಲ್ಲೂಕು ಮಟ್ಟದ ಸಾಂತ್ವನ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಯಶಸ್ವಿಯಾದ ಪ್ರಕರಣ ಹೇಳಿ ಎಂದು ಕೇಳುತ್ತಾರೆ. ಇದು ಯಶಸ್ಸಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ತಪ್ಪು ಇದರಲ್ಲಿ ಎದ್ದು ಕಾಣುತ್ತದೆ, ಅದಕ್ಕೇ ಇದನ್ನು ಆರಿಸಿಕೊಂಡೆ.

ಹಿನ್ನೆಲೆ

ತೆಂಗಿನ ಸೀಮೆಯ ಹಳ್ಳಿ. ಕಮಲಳಿಗೆ ಆಗ ಮೂವತ್ತೊಂದು. ಪಿಯುಸಿ ಮುಗಿಸಿ ಹತ್ತೊಂಬತ್ತಕ್ಕೆ ಮದುವೆ. ಗಂಡನಿಗೆ ಸ್ವಂತದ ಗೂಡ್ಸ್ ಆಟೋ. ತೆಂಗಿನಕಾಯಿ, ಕೊಬ್ಬರಿ, ಸಿಮೆಂಟು, ಏನು ಸಿಕ್ಕರೆ ಅದನ್ನು ಸಾಗಿಸುತ್ತಿದ್ದ. ಮಗಳಿಗೆ ಒಂಬತ್ತು, ಮಗನಿಗೆ ಐದು. ಅತ್ತೆ ಜೊತೆಗಿದ್ದರು. ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯಾದ್ದರಿಂದ ಗೃಹಲಕ್ಷ್ಮಿಯ ಎರಡು ಸಾವಿರವೂ ಅವರ ಖಾತೆಗೇ ಹೋಗುತ್ತಿತ್ತು. ಕಮಲಳ ಕೈಯಲ್ಲಿ ತನ್ನದೆನ್ನುವ ಒಂದು ರೂಪಾಯಿ ಇರಲಿಲ್ಲ.

ಅವಳು ನಮ್ಮಲ್ಲಿಗೆ ಬಂದದ್ದು ಹೊಡೆತದ ದೂರು ಹಿಡಿದುಕೊಂಡಲ್ಲ. ಊರಿನ ಆಶಾ ಕಾರ್ಯಕರ್ತೆ ಕರೆತಂದರು. ಎದೆಯುರಿ, ತಲೆಸುತ್ತು, ಅಂಗಾಲು ಬೆಂಕಿಯಂತೆ ಉರಿಯುವುದು, ಇದ್ದಕ್ಕಿದ್ದಂತೆ ಮಾತು ನಿಂತುಹೋಗುವುದು. ಎರಡು ವರ್ಷದಲ್ಲಿ ಗ್ಯಾಸಿನ ಮಾತ್ರೆ, ಬಿ ಕಾಂಪ್ಲೆಕ್ಸ್ ಸೂಜಿ, ಒಮ್ಮೆ ಎಂಡೋಸ್ಕೋಪಿ ಎಲ್ಲ ಆಗಿತ್ತು. ತವರಿನ ತಾಯಿ ಮಂತ್ರ ಹಾಕಿಸಿ ತಾಯತ ಕಟ್ಟಿಸಿದ್ದರು. ಹೊರರೋಗಿ ಚೀಟಿಗಳ ಕಂತೆಯನ್ನು ನಾನು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಮೂರರಲ್ಲಿ ಒಂದೇ ಕಾರಣ ಬರೆದಿತ್ತು: ಬಚ್ಚಲಲ್ಲಿ ಜಾರಿ ಬಿದ್ದು ಪೆಟ್ಟು. ಒಬ್ಬಳೇ ಹೆಂಗಸು ಒಂದೇ ಬಚ್ಚಲಿನಲ್ಲಿ ಹದಿನಾಲ್ಕು ತಿಂಗಳಿಗೆ ಮೂರು ಸಲ ಜಾರಿದರೆ ಯಾರಾದರೂ ಒಬ್ಬರು ಬಚ್ಚಲಿನ ಬಗ್ಗೆ ಕೇಳಬೇಕಿತ್ತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ದೇಶದ ಮಟ್ಟದಲ್ಲಿ ಹಿಂಸೆ ಕಂಡವರ ಪೈಕಿ ಸಹಾಯ ಕೇಳಿದವರು ನೂರಕ್ಕೆ ಹದಿನಾಲ್ಕು ಮಂದಿ. ಮಿಕ್ಕವರು ಎಲ್ಲಿರುತ್ತಾರೆ ಎಂದು ಕೇಳಿದರೆ, ಗ್ಯಾಸಿನ ಮಾತ್ರೆಯ ಸಾಲಿನಲ್ಲಿ ನಿಂತಿರುತ್ತಾರೆ ಎನ್ನುವುದು ನನ್ನ ಅನುಭವ.

ನಮ್ಮ ಮೊದಲ ತಪ್ಪು

ಮೂರನೆಯ ಭೇಟಿಯಲ್ಲಿ ಅವಳು ಬಾಯಿಬಿಟ್ಟಳು. ಹೊಡೆತ ದಿನವೂ ಇರಲಿಲ್ಲ. ದಿನವೂ ಇದ್ದದ್ದು ಲೆಕ್ಕ: ಯಾರ ಜೊತೆ ಮಾತನಾಡಿದೆ, ಅಂಗಡಿಗೆ ಹೋಗಿಬರಲು ಇಷ್ಟು ಹೊತ್ತು ಏಕೆ ಬೇಕಾಯಿತು, ಮೊಬೈಲ್ ತೋರಿಸು. ರಾತ್ರಿ ಹೊರಗೆ ದೂಡಿ ಬಾಗಿಲು ಹಾಕುವುದು. ಅವಳಿಗೆ ಬೇಡವೆಂದಾಗಲೂ ಬಿಡದಿರುವುದು. ಆ ಕೊನೆಯದನ್ನು ಅವಳು ನೆಲ ನೋಡಿಕೊಂಡು ಒಂದೇ ವಾಕ್ಯದಲ್ಲಿ ಹೇಳಿದಳು: "ಮದುವೆಯಾದ ಮೇಲೆ ಅದಕ್ಕೆ ಏನೂ ಹೆಸರಿಲ್ಲವಲ್ಲ ಮೇಡಂ." ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ವಯಸ್ಕ ಹೆಂಡತಿಯ ಮೇಲೆ ಗಂಡ ಎಸಗುವ ಬಲಾತ್ಕಾರವನ್ನು ಅತ್ಯಾಚಾರದಿಂದ ಹೊರಗಿಟ್ಟ ವಿನಾಯಿತಿ ಹಳೆಯ ದಂಡ ಸಂಹಿತೆಯ 375ರಲ್ಲಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 63ರಲ್ಲೂ ಉಳಿದುಕೊಂಡಿದೆ. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನು ಹೆಸರಿಟ್ಟು ಹಿಂಸೆಯೆಂದೇ ಕರೆಯುತ್ತದೆ. ಇದನ್ನು ಹೇಳಿದಾಗ ಅವಳು ಮೊದಲ ಬಾರಿಗೆ ತಲೆಯೆತ್ತಿದಳು.

ಅಷ್ಟಾದ ಮೇಲೆ ನಾನು ಮಾಡಿದ್ದು ನಮ್ಮ ಕೇಂದ್ರದಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ: ಗಂಡನಿಗೆ ನೋಟಿಸ್ ಕಳಿಸಿ ಇಬ್ಬರನ್ನೂ ಎದುರು ಬದುರು ಕೂರಿಸಿದೆ. "ನಿಮಗೆ ಒಪ್ಪಿಗೆಯೇ" ಎಂದು ಕಮಲಳನ್ನು ಕೇಳಿದ್ದೆ, ಹೂಂ ಎಂದಿದ್ದಳು. ಹನ್ನೆರಡು ವರ್ಷದಿಂದ ಯಾರು ಏನು ಕೇಳಿದರೂ ಹೂಂ ಎಂದವಳ ಒಪ್ಪಿಗೆಗೆ ತೂಕವೆಷ್ಟು ಎಂದು ನಾನು ಯೋಚಿಸಲಿಲ್ಲ.

ಆತ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ. ವಿನಯವಂತ. "ಕೋಪ ಸ್ವಲ್ಪ ಜಾಸ್ತಿ ಮೇಡಂ, ಇನ್ನು ಮುಂದೆ ಹಾಗಾಗದು" ಎಂದು ಮುಚ್ಚಳಿಕೆ ಬರೆದುಕೊಟ್ಟ. ಅವಳು ಏನೇನು ಹೇಳಿದ್ದಾಳೆ ಎಂಬುದನ್ನು ನಾನು ಒಂದೊಂದಾಗಿ ಅವನ ಮುಂದೆ ಇಟ್ಟೆ, ಪಾರದರ್ಶಕವಾಗಿರಬೇಕು ಎನ್ನುವ ಹುಮ್ಮಸ್ಸಿನಲ್ಲಿ. ಸಂಜೆ ಕಡತದಲ್ಲಿ "ರಾಜಿಯಾಗಿದೆ" ಎಂದು ಬರೆದು ಸಹಿ ಮಾಡಿದೆ.

ಆ ರಾತ್ರಿ ಆತ ಅವಳ ಮಾತುಗಳನ್ನೆಲ್ಲ ಅದೇ ಕ್ರಮದಲ್ಲಿ, ನನ್ನ ದನಿಯನ್ನು ಅಣಕಿಸುತ್ತ, ಒಂದೊಂದಾಗಿ ಹೇಳಿ ಒಂದೊಂದಕ್ಕೂ ಹೊಡೆದನಂತೆ. ಇದು ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ. ಅಲ್ಲಿಯವರೆಗೆ ಅವಳು ಈ ಕಡೆ ಸುಳಿಯಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ "ಚೆನ್ನಾಗಿದ್ದಾರಂತೆ" ಎಂದರು. ನಾನೂ ನಂಬಿದೆ, ಏಕೆಂದರೆ ನಂಬುವುದು ನನಗೆ ಅನುಕೂಲವಾಗಿತ್ತು.

ಹಿಂಸೆಯಿರುವ ಮನೆಯಲ್ಲಿ ಜಂಟಿ ಸಮಾಲೋಚನೆ ಮಾಡಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು, ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದು ನನ್ನದೇ ಕೈಬರಹದಲ್ಲಿದೆ. ಇಬ್ಬರೂ ಸಮಾನವಾಗಿ ಮಾತನಾಡಬಲ್ಲ ಕಡೆ ಎದುರು ಬದುರು ಕೂರಿಸಿದರೆ ಅದು ಸಂಧಾನ. ಒಬ್ಬರು ಇನ್ನೊಬ್ಬರಿಗೆ ಹೆದರುವ ಕಡೆ ಕೂರಿಸಿದರೆ, ಹೆದರುವವರ ಗುಟ್ಟನ್ನು ಹೆದರಿಸುವವರ ಕೈಗೆ ಕೊಟ್ಟಂತೆ. ತಿಂಗಳ ವರದಿಯಲ್ಲಿ "ರಾಜಿ" ಎನ್ನುವ ಕಾಲಂ ತುಂಬಿದರೆ ಮೇಲಿನವರಿಗೂ ಸಮಾಧಾನ, ನಮಗೂ ಸಮಾಧಾನ. ಆ ಕಾಲಂ ಈಗಲೂ ಇದೆ.

ಚಿಲಕ

ಅವಳು ಮರಳಿ ಬಂದದ್ದು ಒಂದು ಬೆಳಗ್ಗೆ ಎಂಟೂವರೆಗೆ, ಕೇಂದ್ರದ ಬೀಗ ತೆಗೆಯುವುದಕ್ಕೂ ಮೊದಲೇ. ಎರಡೂ ಮಕ್ಕಳು ಜೊತೆಗಿದ್ದರು. ಎಡ ಮಣಿಕಟ್ಟು ಊದಿತ್ತು, ಕ್ಷಕಿರಣದಲ್ಲಿ ಮುರಿತ ಕಂಡಿತು. ಬಸ್ಸಿನ ಶೂನ್ಯ ಟಿಕೆಟ್ ಅವಳ ಮುಷ್ಟಿಯಲ್ಲಿ ಬೆವರಿಗೆ ಮುದ್ದೆಯಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಅದರ ಬಗ್ಗೆ ಏನೆಲ್ಲ ತಮಾಷೆ ಮಾಡಿದರು. ಕೈಯಲ್ಲಿ ಒಂದು ರೂಪಾಯಿ ಇಲ್ಲದ ಹೆಂಗಸು ಗಂಡನ ಮನೆಯಿಂದ ಮೂವತ್ತೆರಡು ಕಿಲೋಮೀಟರ್ ದೂರ ಬರಲು ಸಾಧ್ಯವಾದದ್ದು ಅದರಿಂದ.

ನಾನು ಈ ಸಲ ಸನ್ನದ್ಧಳಾಗಿದ್ದೆ. ಆಸ್ಪತ್ರೆಯಲ್ಲಿ ವೈದ್ಯಕೀಯ ಕಾನೂನು ಪ್ರಕರಣವೆಂದು ದಾಖಲಿಸಬೇಕು, ಠಾಣೆಯಲ್ಲಿ ಎಫ್‌ಐಆರ್ ಮಾಡಿಸಬೇಕು, ರಕ್ಷಣಾಧಿಕಾರಿಗಳಿಂದ ಕೌಟುಂಬಿಕ ಘಟನಾ ವರದಿ ತಯಾರಿಸಬೇಕು, ಜಿಲ್ಲಾ ಕೇಂದ್ರದ ಆಶ್ರಯಧಾಮಕ್ಕೆ ಕಳಿಸಬೇಕು. ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ನನಗೆ ಮೊದಲು ಒಳಗಿನಿಂದ ಚಿಲಕ ಹಾಕುವ ಒಂದು ಕೋಣೆ ಬೇಕು."

ಅರ್ಥವಾಗದೆ ಮತ್ತೆ ಕೇಳಿದೆ. ಮದುವೆಯಾದ ಮೂರನೆಯ ವರ್ಷ ಆತ ಮನೆಯ ಬಾಗಿಲುಗಳಿಗೆ ಒಳಗಿದ್ದ ಚಿಲಕಗಳನ್ನೆಲ್ಲ ಸ್ಕ್ರೂ ತಿರುಗಿಸಿ ಬಿಚ್ಚಿದ್ದ. ಮಲಗುವ ಕೋಣೆಯದು, ಅಡುಗೆಮನೆಯದು, ಬಚ್ಚಲಿನದು. "ನಮ್ಮ ಮನೆಯಲ್ಲಿ ನನಗೆ ಯಾರು ಬಾಗಿಲು ಹಾಕುವುದು" ಎಂದಿದ್ದನಂತೆ. ಒಂಬತ್ತು ವರ್ಷದಿಂದ ಅವಳು ಬಾಗಿಲಿಗೆ ಕೊಡ ಅಡ್ಡ ಇಟ್ಟು, ಯಾರಾದರೂ ಬಂದರೆ ಕೊಡ ಜರುಗಿದ ಸದ್ದಾಗಲಿ ಎಂದು ಕಿವಿಗೊಟ್ಟು ಸ್ನಾನ ಮಾಡಿದ್ದಳು. ಮೂರು ಭೇಟಿಗಳಲ್ಲಿ ನಾನು ಬರೆದುಕೊಂಡ ಹನ್ನೊಂದು ಪುಟಗಳಲ್ಲಿ ಈ ವಿಷಯ ಎಲ್ಲೂ ಇರಲಿಲ್ಲ. ನಾನು ಕೇಳಿದ್ದು ಹೊಡೆತದ ಬಗ್ಗೆ.

ಈ ಪ್ರಕರಣ ತಿರುಗಿದ್ದು ಇಲ್ಲಿ. ಆಶ್ರಯಧಾಮದಲ್ಲಿ ರಕ್ಷಣೆ ಇದೆ, ಆದರೆ ಅಲ್ಲಿ ಉದ್ದನೆಯ ಹಜಾರದಲ್ಲಿ ಇಪ್ಪತ್ತು ಮಂದಿ ಮಲಗುತ್ತಾರೆ. ಕಾಯ್ದೆಯ ಪ್ರಕಾರ ಗಂಡನ ಮನೆಯಲ್ಲೇ ಇರುವ ಹಕ್ಕು ಅವಳಿಗಿದೆ, 19ನೇ ಕಲಮಿನ ವಾಸದ ಆದೇಶ ಕೇಳಬಹುದು. ಆದರೆ ಆ ಮನೆಯನ್ನು ನೆನೆದರೆ ಅವಳ ಅಂಗಾಲು ಉರಿಯುತ್ತಿತ್ತು. ಉಳಿದದ್ದು ತವರು. ಅಪ್ಪ ಇಲ್ಲ, ಅಣ್ಣ ಅತ್ತಿಗೆ ಇದ್ದಾರೆ, ಮನೆ ಚಿಕ್ಕದು. ಅಣ್ಣ ಫೋನಿನಲ್ಲಿ "ಹಬ್ಬಕ್ಕೆ ಬರಲಿ, ಇರುವುದಕ್ಕೆ ಬಂದರೆ ಊರು ಏನೆನ್ನುತ್ತದೆ" ಎಂದ. ನಾನು ಆಶ್ರಯಧಾಮದ ಪರ, ಅವಳು ತವರಿನ ಪರ. ನನಗೆ ಹಟ ಬಂದಿತ್ತು. ಕೊನೆಗೆ, ಹಿಂದಿನ ಸಲ ನನ್ನ ಮಾತು ನಡೆದು ಏನಾಯಿತು ಎಂಬುದನ್ನು ನೆನೆದು ಸುಮ್ಮನಾದೆ.

ಮರುದಿನ ನಾನು ಮತ್ತು ಆಶಾ ಕಾರ್ಯಕರ್ತೆ ಆ ಊರಿಗೆ ಹೋದೆವು. ಅಣ್ಣ ಜಗಲಿಯಲ್ಲೇ ಕುಳಿತು ಮಾತನಾಡಿದ. ಅತ್ತಿಗೆ ಬಾಗಿಲ ಮರೆಯಲ್ಲಿ ನಿಂತಿದ್ದರು, ಒಮ್ಮೆಯೂ ಬಾಯಿ ತೆರೆಯಲಿಲ್ಲ. ಅವರಿಗೆ ಇಷ್ಟವಿಲ್ಲ ಎಂದು ನಾನು ಬರೆದುಕೊಂಡೆ. ಒಂದು ಗಂಟೆಯ ಮಾತಿನ ಮೇಲೆ ಅಣ್ಣ ಹಿಂಬದಿಯ ಕೊಬ್ಬರಿ ಅಟ್ಟದ ಕೆಳಗಿನ ಕೋಣೆ ಬಿಡಲು ಒಪ್ಪಿದ. ಹಳೆಯ ಚೀಲ, ಮುರಿದ ಕುಂಟೆ, ಇಲಿ. ಅದಕ್ಕೊಂದು ಬಾಗಿಲಿತ್ತು, ಚಿಲಕ ಇರಲಿಲ್ಲ. ಸಂತೆಯಲ್ಲಿ ಕಬ್ಬಿಣದ ಚಿಲಕ ಕೊಂಡೆವು. ಬಡಗಿಯನ್ನು ಕರೆಸುತ್ತೇನೆ ಎಂದರೆ ಬೇಡವೆಂದಳು. ಎಡಗೈಗೆ ಪ್ಲಾಸ್ಟರ್, ಬಲಗೈಯಲ್ಲಿ ಸ್ಕ್ರೂಡ್ರೈವರ್, ಮಗಳು ಚಿಲಕವನ್ನು ಒತ್ತಿ ಹಿಡಿದುಕೊಂಡಿದ್ದಳು. ಸ್ಕ್ರೂ ಎರಡು ಸಲ ಜಾರಿ ಬಿತ್ತು. ಮುಗಿದ ಮೇಲೆ ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಲವತ್ತು ನಿಮಿಷ ತೆಗೆಯಲಿಲ್ಲ. ನಾನು ಗಾಬರಿಯಾಗಿ ತಟ್ಟಲು ಹೋದೆ, ಆಶಾ ಕಾರ್ಯಕರ್ತೆ ನನ್ನ ಕೈ ಹಿಡಿದುಕೊಂಡರು. ಅವರ ಮುಂದೆ ನನ್ನ ಡಿಪ್ಲೊಮಾ ಏನೂ ಅಲ್ಲ.

ತಾರೀಖು

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾಧಿಕಾರಿಗಳು. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರೂ ಸಿಕ್ಕರು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ. ವಕೀಲರು ಒಳ್ಳೆಯವರೇ, ಆದರೆ ಅವರಿಗೆ ತಾರೀಖು ಬೇಕು. "ಯಾವಾಗ ಹೊಡೆದ? ಯಾವ ತಿಂಗಳು? ಅದಕ್ಕೂ ಮೊದಲೋ ಆಮೇಲೋ?"

ಕಮಲಳಿಗೆ ಹೇಳಲಾಗಲಿಲ್ಲ. ಒಂದು ಘಟನೆ ಆರಂಭಿಸಿದರೆ ಇನ್ನೊಂದರಲ್ಲಿ ಮುಗಿಯುತ್ತಿತ್ತು. ಒಮ್ಮೆ ನಾನೇ ಒತ್ತಾಯಿಸಿ, ಪ್ರಮಾಣಪತ್ರಕ್ಕೆ ಬೇಕೆಂದು, ಮೊದಲಿನಿಂದ ಹೇಳಿಸಲು ಕೂತೆ. ಅರ್ಧ ಗಂಟೆಯಲ್ಲಿ ಅವಳ ಕಣ್ಣು ತೆರೆದೇ ಇತ್ತು, ಅವಳು ಅಲ್ಲಿರಲಿಲ್ಲ. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಮೂರು ದಿನ ಅನ್ನ ಸೇರಲಿಲ್ಲವಂತೆ. ಮನಸ್ಸಿನಲ್ಲಿರುವುದನ್ನು ಹೇಳಿಕೊಂಡರೆ ಹಗುರವಾಗುತ್ತದೆ ಎನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಹೊತ್ತಲ್ಲದ ಹೊತ್ತಿನಲ್ಲಿ ಹೇಳಿಸಿದರೆ ಅದು ಇನ್ನೊಮ್ಮೆ ನಡೆದಂತೆಯೇ ಆಗುತ್ತದೆ. ಆಘಾತದ ನೆನಪು ಮಾಮೂಲಿ ನೆನಪಿನ ಹಾಗೆ ಸಾಲಾಗಿ ಕೂರುವುದಿಲ್ಲ, ಸದ್ದು, ವಾಸನೆ, ಬೆಳಕು ಹೀಗೆ ಚೂರುಚೂರಾಗಿ ಕೂರುತ್ತದೆ. ನ್ಯಾಯಾಲಯಕ್ಕೆ ಅದು ಸುಳ್ಳಿನಂತೆ ಕೇಳಿಸುತ್ತದೆ.

ದಾರಿ ತೋರಿಸಿದ್ದು ಮಗಳ ಗಣಿತದ ನೋಟ್‌ಬುಕ್. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಬಿಳಿ ಬದಿ ಮೇಲೆ ಬರುವಂತೆ ಮಡಿಸಿ ಪುಸ್ತಕಗಳಿಗೆ ಹೊದಿಕೆ ಹಾಕುವುದು ನಮ್ಮ ಕಡೆ ವಾಡಿಕೆ. ಒಂದು ಹೊದಿಕೆ ಹರಿದಿತ್ತು. ಕಮಲ ಅದನ್ನು ಬಿಚ್ಚಿ ನೋಡುತ್ತಿದ್ದವಳು "ಇದು ಆಷಾಢದ್ದು" ಎಂದಳು. ಒಳಬದಿಯಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ. ಕೆಲವು ಚೌಕಗಳ ಮೂಲೆಯಲ್ಲಿ ಪೆನ್ನಿನ ಒಂದು ಸಣ್ಣ ಚುಕ್ಕೆ. ಚುಕ್ಕೆ ಏನೆಂದು ನಾನು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಯಾರಿಗೂ ಗೊತ್ತಾಗದ ಹಾಗೆ ಇಡುತ್ತಿದ್ದೆ, ಯಾಕೆ ಇಡುತ್ತಿದ್ದೆ ಅಂತ ನನಗೂ ಗೊತ್ತಿರಲಿಲ್ಲ" ಎಂದಳು.

ಏಳು ಪುಸ್ತಕಗಳ ಹೊದಿಕೆ ಬಿಚ್ಚಿದೆವು. ಚುಕ್ಕೆ ಎಷ್ಟು ಎಂದು ಎಣಿಸಲು ಅವಳು ಬಿಡಲಿಲ್ಲ. ಅವಳು ಬಿಡದಿದ್ದುದಕ್ಕೆ ನಾನು ಎಣಿಸಲೂ ಇಲ್ಲ. ಆದರೆ ಹಬ್ಬ, ಅಮಾವಾಸ್ಯೆ, ಮಗನಿಗೆ ಜ್ವರ ಬಂದ ದಿನ, ಕಾಯಿ ಕೀಳಿಸಿದ ದಿನ ಹೀಗೆ ಅವಳ ನೆನಪಿನ ಗುರುತುಗಳಿಗೆ ಅಂಕಿಗಳು ಸಿಕ್ಕವು. ಮೂರು ಚುಕ್ಕೆಗಳು ಆಸ್ಪತ್ರೆಯ ಮೂರು ಚೀಟಿಗಳ ಮುಂಚಿನ ದಿನಗಳಿಗೆ ಸರಿಯಾಗಿ ಕೂತವು. ವಕೀಲರು ಆ ಹಾಳೆಗಳನ್ನು ಎರಡು ಸಲ ನೋಡಿ ಕನ್ನಡಕ ತೆಗೆದಿಟ್ಟರು. 23ನೇ ಕಲಮಿನಡಿ ಏಕಪಕ್ಷೀಯ ಮಧ್ಯಂತರ ರಕ್ಷಣಾ ಆದೇಶ ಸಿಕ್ಕಿತು. ಅದನ್ನು ಮುರಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಇಪ್ಪತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಕ್ರಿಮಿನಲ್ ದೂರು, ಅಂದರೆ ಹಳೆಯ 498ಎ, ಈಗಿನ ನ್ಯಾಯ ಸಂಹಿತೆಯ 85, ಕೊಡುವುದು ಬೇಡವೆಂದು ಅವಳೇ ತೀರ್ಮಾನಿಸಿದಳು. ನನಗೆ ಈಗಲೂ ಅದು ಸರಿಕಾಣುವುದಿಲ್ಲ. ತೀರ್ಮಾನ ನನ್ನದಾಗಿರಲಿಲ್ಲ.

ನಿದ್ದೆ

ರಕ್ಷಣೆ ಸಿಕ್ಕಿದ ಮೇಲೆ ಅವಳು ಚೇತರಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆವು. ಆದದ್ದು ಉಲ್ಟಾ. ಹೊಡೆಯುವವನು ಹತ್ತಿರವಿಲ್ಲದ ಮೊದಲ ತಿಂಗಳಲ್ಲೇ ಅವಳು ಕುಸಿದಳು. ರಾತ್ರಿ ಎರಡು ಗಂಟೆಗೆ ಎದ್ದು ಚಿಲಕ ಮುಟ್ಟಿ ನೋಡುವುದು, ಮತ್ತೆ ಮಲಗುವುದು, ಮತ್ತೆ ಏಳುವುದು. ಆ ಊರಿನ ರಸ್ತೆ ಕಿರಿದು, ಬಂದ ಗೂಡ್ಸ್ ಆಟೋಗಳೆಲ್ಲ ಹಿಂದಕ್ಕೆ ತಿರುಗಿಸಿಕೊಂಡೇ ಹೋಗಬೇಕು. ಹಿಂಬದಿ ಗೇರ್ ಹಾಕಿದಾಗ ಮೊಳಗುವ ಆ ಕೀರಲು ರಾಗ ಕೇಳಿದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಆತ ಮನೆಗೆ ಬಂದದ್ದು ಅವಳಿಗೆ ತಿಳಿಯುತ್ತಿದ್ದುದು ಅದೇ ರಾಗದಿಂದ. "ನಾನು ಬಂದುಬಿಟ್ಟೆ ಮೇಡಂ, ಮೈ ಇನ್ನೂ ಅಲ್ಲೇ ಇದೆ" ಎಂದಳು. ಆಘಾತದ ನಂತರದ ಒತ್ತಡದ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ.

ಮಗಳದ್ದು ಬೇರೆ ಕಥೆ. ಆ ಹುಡುಗಿ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದಳು. ಬೈದರೂ ಬಿಚ್ಚುತ್ತಿರಲಿಲ್ಲ. ರಾತ್ರಿ ಓಡಬೇಕಾಗಿ ಬಂದಾಗಲೆಲ್ಲ ಬರಿಗಾಲಿನಲ್ಲಿ ಓಡಿ ಮುಳ್ಳು ತುಳಿದ ಅನುಭವ ಅವಳದು. ಬಿಚ್ಚಿಸಬೇಡಿ ಎಂದು ಕಮಲಳಿಗೆ ಹೇಳಿದೆ. ತಾಯತದ ಬಗ್ಗೆಯೂ ಅದನ್ನೇ ಹೇಳಿದ್ದೆ.

ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಕರೆದೊಯ್ಯುವ ಮಾತೆತ್ತಿದರೆ ತಾಯಿ "ಹುಚ್ಚಿನ ಮಾತ್ರೆ" ಎಂದು ಅತ್ತರು. ಕಮಲಳ ಹೆದರಿಕೆ ಇನ್ನೂ ಖಚಿತವಾಗಿತ್ತು: ನಾಳೆ ಗಂಡನ ಕಡೆಯ ವಕೀಲರು ಇದನ್ನೇ ಹಿಡಿದು, ತಲೆ ಸರಿಯಿಲ್ಲದವಳಿಗೆ ಮಕ್ಕಳನ್ನು ಕೊಡಬೇಡಿ ಎಂದರೆ? ಸುಳ್ಳು ಭರವಸೆ ಕೊಡುವಂತಿರಲಿಲ್ಲ, ಅಂಥ ವಾದ ಮಾಡುವವರು ಇದ್ದಾರೆ. ಎರಡು ವಾರ ಚರ್ಚಿಸಿದೆವು. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಅರ್ಥೈಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕನ್ನೂ ಕೊಡುತ್ತದೆ. ವಕೀಲರು ಇನ್ನೊಂದು ಮಾತು ಹೇಳಿದರು: ಕಾಯಿಲೆ ಬಂದದ್ದು ಹೊಡೆತದಿಂದ ಎಂದು ವೈದ್ಯರು ಬರೆದುಕೊಟ್ಟರೆ ಅದು ನಮ್ಮ ಕಡೆಯ ಸಾಕ್ಷ್ಯವೇ ಆಗುತ್ತದೆ. ಆಮೇಲೆ ಕಮಲ ಹೋಗಲು ಒಪ್ಪಿದಳು.

ವೈದ್ಯರು ಮೊದಲು ಮಾಡಿದ್ದು ಔಷಧಿ ಅಂಗಡಿಯವನು ಚೀಟಿಯಿಲ್ಲದೆ ಕೊಡುತ್ತಿದ್ದ ನಿದ್ದೆ ಮಾತ್ರೆಯನ್ನು ಕ್ರಮೇಣ ನಿಲ್ಲಿಸಿದ್ದು. ಅದರಿಂದ ಅಭ್ಯಾಸ ಬೆಳೆಯುತ್ತದೆಯೇ ಹೊರತು ಆಘಾತ ವಾಸಿಯಾಗದು. ಬದಲಿಗೆ ಖಿನ್ನತೆ, ಆತಂಕಗಳಿಗೆ ಕೊಡುವ ಸರ್ಟ್ರಾಲಿನ್ ಮಾತ್ರೆಯನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿದರು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಮೊದಲ ವಾರ ಓಕರಿಕೆ ಬರಬಹುದು ಎಂದು ತಿಳಿಸಿ ಹೇಳಿದರು. ಈ ಒಂದು ಮಾತು ಹೇಳದೆ ಹೋಗಿದ್ದರೆ ಅವಳು ಐದನೆಯ ದಿನಕ್ಕೇ ಬಿಡುತ್ತಿದ್ದಳು.

ನನ್ನ ಪಾಲಿನ ಕೆಲಸ ಸಣ್ಣದು. ಭಯ ಉಕ್ಕಿದಾಗ ಈ ಕ್ಷಣಕ್ಕೆ ಮರಳಲು ಕಣ್ಣಿಗೆ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು ವಸ್ತು ಎಂದು ಎಣಿಸುವ ಅಭ್ಯಾಸ ಕಲಿಸಿದೆ. ಅದು ಅವಳಿಗೆ ಹಿಡಿಸಲಿಲ್ಲ, "ಶಾಲೆಯ ಮಗ್ಗಿ ಇದ್ದ ಹಾಗಿದೆ" ಎಂದಳು. ಅವಳೇ ಬೇರೊಂದು ಕಂಡುಕೊಂಡಳು. ಅಟ್ಟದ ಮೇಲೆ ಕಾಯಿ ಒಣಗಲು ಹರಡಿರುತ್ತಾರೆ. ಒಳಗಿನ ನೀರು ಆರಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಆಗಿದೆಯೋ ಇಲ್ಲವೋ ಸದ್ದಿನಲ್ಲಿ ತಿಳಿಯುತ್ತದೆ. ಎದೆ ಬಡಿದುಕೊಳ್ಳಲು ಆರಂಭಿಸಿದಾಗ ಅವಳು ಏಣಿ ಹತ್ತಿ ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸುತ್ತ ಕೂರುತ್ತಿದ್ದಳು. ನೀರಿದ್ದರೆ ಒಂದು ಸದ್ದು, ಗಿಟುಕಾಗಿದ್ದರೆ ಇನ್ನೊಂದು. ಇಲ್ಲಿ ಒಂದು ಹೋಲಿಕೆ ಕೊಡುವ ಆಸೆಯಾಗುತ್ತದೆ, ಕೊಡುವುದಿಲ್ಲ. ಅವಳಿಗೆ ಅದು ಹೋಲಿಕೆಯಾಗಿರಲಿಲ್ಲ, ಕೈಯಲ್ಲಿ ತೂಕವಿರುವ ಕಾಯಾಗಿತ್ತು. ಕತ್ತಲಲ್ಲಿ ಏಣಿ ಹತ್ತಲಾಗದ ರಾತ್ರಿಗಳಿಗೆ 14416 ಸಂಖ್ಯೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದಳು. ಅದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ, ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ. ಎರಡು ಸಲ ಮಾಡಿದ್ದಾಳೆ.

ಹಿಂಬದಿ ಗೇರಿನ ರಾಗಕ್ಕೆ ಮದ್ದು ನಿಧಾನದ್ದು. ಮೊದಲು ನನ್ನ ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಂಡು ಅತಿ ಸಣ್ಣ ದನಿಯಲ್ಲಿ ಕೇಳಿಸಿದೆ, ನಿಲ್ಲಿಸುವ ಗುಂಡಿ ಅವಳ ಬೆರಳ ಕೆಳಗೆ. ಮೂರು ತಿಂಗಳ ಮೇಲೆ ಎಪಿಎಂಸಿ ಅಂಗಳಕ್ಕೆ ಹೋದೆವು, ಹರಾಜು ಇಲ್ಲದ ದಿನ. ಒಂದೋ ಎರಡೋ ಗಾಡಿಗಳಿದ್ದವು. ಎರಡು ವಾರ ಬಿಟ್ಟು ಹರಾಜಿನ ದಿನವೇ ಹೋದೆವು. ಹತ್ತಾರು ಗೂಡ್ಸ್ ಆಟೋಗಳು ಒಟ್ಟಿಗೆ ಹಿಂದಕ್ಕೆ ತಿರುಗುತ್ತ ಕಿರುಚುತ್ತಿದ್ದವು. ಅವಳು ನನ್ನ ತೋಳನ್ನು ಉಗುರು ಊರುವಷ್ಟು ಹಿಡಿದಿದ್ದಳು. ಹತ್ತು ನಿಮಿಷ ಕಳೆದು ಹಿಡಿತ ಸಡಿಲವಾಯಿತು. "ಇಷ್ಟೊಂದು ಜನ ಗಂಡಸರು ಇದನ್ನೇ ಓಡಿಸುತ್ತಾರಾ?" ಎಂದಳು. ನಾವಿಬ್ಬರೂ ನಕ್ಕೆವು. ಏಕೆ ನಕ್ಕೆವೋ ಗೊತ್ತಿಲ್ಲ.

ಯುಗಾದಿ

ಮಧ್ಯದಲ್ಲಿ ಅವಳು ಗಂಡನ ಮನೆಗೆ ಮರಳಿ ಹೋದಳು. ಇದನ್ನು ಬಿಟ್ಟು ಬರೆದರೆ ಪ್ರಕರಣ ಅಂದವಾಗುತ್ತದೆ, ನಿಜವಾಗುವುದಿಲ್ಲ. ಆತ ಮಗನನ್ನು ಅಂಗನವಾಡಿಯಿಂದ ಎತ್ತಿಕೊಂಡು ಹೋಗಿದ್ದ. ತಾತ್ಕಾಲಿಕ ಸುಪರ್ದಿಗೆ 21ನೇ ಕಲಮಿನಡಿ ಅರ್ಜಿ ಹಾಕಿದೆವು, ವಿಚಾರಣೆ ಮುಂದಕ್ಕೆ ಹೋಯಿತು. ಊರ ಹಿರಿಯರು ಬಂದು "ಹಬ್ಬಕ್ಕೆ ಒಂದಾಗಿ" ಎಂದರು. ಅವಳು ಹೊರಟಳು. ನನಗೆ ಫೋನ್ ಮಾಡಿ ಹೇಳಿಯೇ ಹೊರಟಳು.

ನನಗೆ ಎಷ್ಟು ಸಿಟ್ಟು ಬಂದಿತೆಂದರೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಐದು ನಿಮಿಷ ಕೂತೆ. ಅಷ್ಟು ದುಡಿಮೆ, ಅಷ್ಟು ಓಡಾಟ. ಆಮೇಲೆ ನಾನೇ ಮರಳಿ ಮಾಡಿದೆ. ಬಿಟ್ಟು ಬರುವ ಮತ್ತು ಬಿಟ್ಟು ಬಂದ ಮೇಲಿನ ದಿನಗಳೇ ಅತಿ ಅಪಾಯದ ದಿನಗಳು ಎಂಬುದು ಗೊತ್ತಿದ್ದುದರಿಂದ, ಹೋಗಬೇಡ ಎನ್ನುವ ಬದಲು ಹೋಗುವುದನ್ನೇ ಸಿದ್ಧಪಡಿಸಿದೆವು. ಆಧಾರ್, ಆಸ್ಪತ್ರೆ ಚೀಟಿ, ಕ್ಯಾಲೆಂಡರ್ ಹಾಳೆಗಳು ನಮ್ಮಲ್ಲೇ ಇರಲಿ. ಮಗಳು ಅಜ್ಜಿಯ ಬಳಿ ಇರಲಿ, ತುರ್ತು ಕರೆಯ 112 ಮತ್ತು ಮಹಿಳಾ ಸಹಾಯವಾಣಿಯ 181 ಅವಳಿಗೆ ಬಾಯಿಪಾಠವಾಗಲಿ. ಆಶಾ ಕಾರ್ಯಕರ್ತೆ ವಾರಕ್ಕೆರಡು ಸಲ ಮಗನ ತೂಕ ನೋಡುವ ನೆಪದಲ್ಲಿ ಬರುತ್ತಾರೆ. ಅಂಗಳದಲ್ಲಿ ಕೆಂಪು ಟವೆಲ್ ಒಣಗಿದ್ದರೆ ಪೊಲೀಸರಿಗೆ ತಿಳಿಸಬೇಕು.

ಹತ್ತೊಂಬತ್ತನೆಯ ದಿನ ಟವೆಲ್ ಕಂಡಿತು. ಈ ಸಲ ಅವಳು ಮಗನನ್ನು ಎತ್ತಿಕೊಂಡೇ ಬಂದಳು. ಮುಖ್ಯ ವ್ಯತ್ಯಾಸವೆಂದರೆ, ಈ ಸಲ ನಮ್ಮಿಂದ ಮುಖ ಮರೆಸಿಕೊಳ್ಳಲು ಅವಳಿಗೆ ಕಾರಣವಿರಲಿಲ್ಲ. ಮೊದಲ ಸಲ ನಾಲ್ಕು ತಿಂಗಳು ಕಾಣೆಯಾಗಿದ್ದವಳು ಈ ಸಲ ನಾಲ್ಕು ಗಂಟೆಯಲ್ಲಿ ನಮ್ಮೆದುರಿಗಿದ್ದಳು. ನಾನೇನಾದರೂ ಸರಿಯಾಗಿ ಮಾಡಿದ್ದರೆ ಆ ಐದು ನಿಮಿಷದ ಸಿಟ್ಟನ್ನು ಅವಳಿಗೆ ಕೇಳಿಸದಿದ್ದುದು.

ಈಗ

ಪ್ರಕರಣ ಇನ್ನೂ ನ್ಯಾಯಾಲಯದಲ್ಲಿದೆ. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ, ಅದನ್ನು ಓದಿದರೆ ಈಗ ಕಮಲಳೇ ನಗುತ್ತಾಳೆ. ಮಕ್ಕಳು ಅವಳ ಬಳಿ ಇದ್ದಾರೆ. ಮಧ್ಯಂತರ ಜೀವನಾಂಶ ತಿಂಗಳಿಗೆ ನಾಲ್ಕು ಸಾವಿರದ ಐನೂರು ಎಂದು ಆದೇಶವಾಗಿದೆ, ಬರುವುದು ಮೂರು ತಿಂಗಳಿಗೊಮ್ಮೆ, ಅದೂ ವಕೀಲರು ನೆನಪಿಸಿದ ಮೇಲೆ. ಅವಳು ಕೊಬ್ಬರಿ ವರ್ತಕರೊಬ್ಬರ ಗೋದಾಮಿನಲ್ಲಿ ವಿಂಗಡಣೆಯ ಕೆಲಸ ಮಾಡುತ್ತಾಳೆ. ಅಲ್ಲಾಡಿಸಿ ನೋಡಿ ಗುಣಮಟ್ಟ ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲವಂತೆ. ಮಾತ್ರೆಯನ್ನು ಹದಿನೈದು ತಿಂಗಳ ಮೇಲೆ ವೈದ್ಯರೇ ಇಳಿಸುತ್ತ ಬಂದು ನಿಲ್ಲಿಸಿದರು. ಕೆಟ್ಟ ಕನಸು ಈಗಲೂ ತಿಂಗಳಿಗೊಮ್ಮೆ ಬರುತ್ತದೆ. ದೀಪ ಆರಿಸಿ ಮಲಗುವುದಿಲ್ಲ. ತಾಯತ ತಾನಾಗಿ ದಾರ ಸವೆದು ಬಿದ್ದುಹೋಯಿತು, ಹೊಸದು ಕಟ್ಟಿಸಿಕೊಳ್ಳಲಿಲ್ಲ.

ಮಗಳು ಚಪ್ಪಲಿಗಳನ್ನು ಕಳೆದುಕೊಂಡು ಬರುತ್ತಾಳೆಂದು ಶಿಕ್ಷಕಿಯ ದೂರು. ಆಟದ ಮೈದಾನದಲ್ಲಿ ಬಿಟ್ಟು ಬರುತ್ತಾಳೆ, ಎರಡು ವರ್ಷದಲ್ಲಿ ಮೂರು ಜೊತೆ. ಕಮಲ ಇದನ್ನು ಹೇಳಿ ಗೊಣಗುತ್ತಾಳೆ. ನಮ್ಮ ವರದಿಯ ನಮೂನೆಯಲ್ಲಿ ಇದನ್ನು ಬರೆಯಲು ಕಾಲಂ ಇಲ್ಲ.

ಹೊಸ ಹುಡುಗಿಯರಿಗೆ ನಾನು ಈಗ ಹೇಳಿಕೊಡುವುದು ಬದಲಾಗಿದೆ. ಮೊದಲ ಭೇಟಿಯಲ್ಲಿ ನೋಟಿಸ್ ಬೇಡ, ಕಥೆ ಬೇಡ. ಮನೆಯಲ್ಲಿ ಎಲ್ಲಿ ಮಲಗುತ್ತೀರಿ, ಸ್ನಾನ ಮಾಡುವಾಗ ಬಾಗಿಲು ಹೇಗೆ ಹಾಕಿಕೊಳ್ಳುತ್ತೀರಿ ಎಂದು ಕೇಳಿ. ಹೂಂ ಎನ್ನುವವರಿಗೆ ಊಹೂಂ ಎನ್ನಲು ಜಾಗ ಬಿಡುವ ಪ್ರಶ್ನೆ ಹುಡುಕಿ, ಚಹಾ ಬೇಕೋ ಬೇಡವೋ ಎಂಬಲ್ಲಿಂದಲೇ ಆರಂಭಿಸಿ. ಕಮಲ ನನಗೆ ಮೊದಲ ಬಾರಿ "ಬೇಡ" ಎಂದದ್ದು ಬಡಗಿಯ ವಿಷಯಕ್ಕೆ. ಆ ಬೇಡವನ್ನು ಕೇಳಿಸಿಕೊಂಡದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು ಎಂದು ನಾನು ಎಣಿಸುತ್ತೇನೆ. ಆಶಾ ಕಾರ್ಯಕರ್ತೆ ಹಾಗೆ ಎಣಿಸುವುದಿಲ್ಲ. ಅವರ ಪ್ರಕಾರ ಎಲ್ಲವೂ ಬಸ್ಸಿನಿಂದ.

ಕಳೆದ ತಿಂಗಳು ಕಮಲ ಫೋನ್ ಮಾಡಿದ್ದಳು. ಚಪ್ಪಲಿಯ ಗೊಣಗಾಟ, ವಾಯಿದೆಯ ತಾರೀಖು ಎಲ್ಲ ಮುಗಿದ ಮೇಲೆ ಸ್ವಲ್ಪ ತಡೆದಳು.

"ಮೇಡಂ, ಅತ್ತಿಗೆ ನಿನ್ನೆ ನನ್ನ ಸ್ಕ್ರೂಡ್ರೈವರ್ ಕೇಳಿದರು. ಸಂತೆಯಿಂದ ಚಿಲಕ ತಂದಿಟ್ಟುಕೊಂಡಿದ್ದಾರೆ, ಅವರ ಕೋಣೆಗೆ. ಒಳಗಡೆಗೆ."

ಜಗಲಿಯ ಮೇಲೆ ಅಣ್ಣ ಮಾತನಾಡುತ್ತಿದ್ದಾಗ ಬಾಗಿಲ ಮರೆಯಲ್ಲಿ ನಿಂತಿದ್ದ ಹೆಂಗಸು ನೆನಪಾದರು. ಅವರಿಗೆ ಇಷ್ಟವಿಲ್ಲ ಎಂದು ನಾನು ಬರೆದುಕೊಂಡ ಸಾಲೂ ನೆನಪಾಯಿತು.

"ಏನಾದರೂ ಕೇಳಿದೆಯಾ?" ಎಂದೆ.

"ಇಲ್ಲ. ಸ್ಕ್ರೂಡ್ರೈವರ್ ಕೊಟ್ಟು, ಚಿಲಕ ಹಿಡಿದುಕೊಂಡೆ. ಎರಡು ಸಲ ಸ್ಕ್ರೂ ಬಿತ್ತು." ಹಿಂದೆ ಗೋದಾಮಿನಲ್ಲಿ ಗಾಡಿಯೊಂದು ಹಿಂದಕ್ಕೆ ತಿರುಗುವ ರಾಗ ಕೇಳಿಸುತ್ತಿತ್ತು, ಅವಳು ಅದರ ಮೇಲೆ ದನಿ ಎತ್ತಿದಳು. "ಮಂಗಳವಾರ ಆ ಕಡೆ ಬರುವುದಿದೆ. ಅವರೂ ಬರುತ್ತೇನೆ ಎಂದರೆ ಕರೆದುಕೊಂಡು ಬರುತ್ತೇನೆ."